ಚಿಮಣಿಗೂ ಒಂದು ಟೋಪಿ

ಮಡಿಕೇರಿ ಕಡೆಯ ಹಳೇ ತೋಟದ ಬಂಗಲೆಗಳಲ್ಲಿ ಅತಿ ಹೆಚ್ಚು ಮಳೆ ತಿನ್ನುವ ಸದಸ್ಯ ಚಿಮಣಿ. ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ. ಮನೆಮಂದಿಗೆ ಹೆಂಚು, ಕಂಬಳಿ ಉಂಟು, ಚಿಮಣಿಗೆ ನಾಲ್ಕೂ ಕಡೆಯಿಂದ ಇರಚಲು. ನಮ್ಮ ಚಿಮಣಿಯ ಇಟ್ಟಿಗೆಗೆ ಬೆರಳು ತಾಗಿಸಿದರೆ ಸಾಕು, ಕೆಂಪು ಪುಡಿ ಉದುರುತ್ತದೆ. ಸಂದಿಯಲ್ಲಿ ಪಾಚಿ, ಜರಿಗಿಡ, ಜೊತೆಗೊಂದು ಅರಳಿ ಸಸಿ. ಅರಳಿ ಕೀಳುವುದು ಪಾಪವೆಂದು ಅತ್ತೆಯ ತಕರಾರು. ಬಿಟ್ಟರೆ ಮುಂದೆ ಪ್ರದಕ್ಷಿಣೆಗೆ ಮಾಡು ಹತ್ತಬೇಕಾದೀತು!

ಮೇಸ್ತ್ರಿ ಏಣಿ ಹತ್ತುವ ಮೊದಲೇ ತೀರ್ಪು ಕೊಟ್ಟ: "ಸಿಮೆಂಟ್ ಬಳಿದುಬಿಡೋಣ ಸಾರ್, ಗಟ್ಟಿ."

ಆ ಗಟ್ಟಿತನದ್ದೇ ತಂಟೆ. ಮೆತ್ತನೆಯ ಹಳೇ ಇಟ್ಟಿಗೆ ಕುಡಿದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಅಲ್ಲಿ ಸಿಮೆಂಟ್ ಜಡಿದರೆ ನೀರು ಇಟ್ಟಿಗೆಯ ಮುಖದಿಂದಲೇ ಹೊರಡಬೇಕು. ಜೊತೆಗೆ ಬಂದ ಉಪ್ಪು ಹರಳುಗಟ್ಟಿ ಚಕ್ಕೆ ಎಬ್ಬಿಸುತ್ತದೆ. ಸವೆಯಬೇಕಾದ್ದು ಗಾರೆ, ಇಟ್ಟಿಗೆಯಲ್ಲ.

"ಸುಣ್ಣವಾ? ಅದು ನಮ್ಮಜ್ಜನ ಕಾಲದ್ದು ಸಾರ್."

"ಚಿಮಣಿಯೂ ಆ ಕಾಲದ್ದೇ ಕಣಪ್ಪ."

ಗೊಣಗುತ್ತಲೇ ಸಂದಿ ಕೆರೆದ, ನೀರು ಚಿಮುಕಿಸಿದ, ಸುಣ್ಣದ ಗಾರೆ ಒತ್ತಿದ. ಸತ್ತ ಇಟ್ಟಿಗೆ ತೆಗೆದು ಬೇರೆ ಕೂರಿಸಿದ. ಹೊಗೆಗೆ ದಾರಿ ಬಿಟ್ಟು, ಮಳೆ ತಡೆಯಲು ಮೇಲೊಂದು ಕಲ್ಲುಚಪ್ಪಡಿಯ ಟೋಪಿಯನ್ನೂ ಇಟ್ಟ. ಇಳಿದು ಕೈ ತೊಳೆಯುತ್ತ, "ಬೆಂಕಿ ಯಾವಾಗ ಹಾಕ್ತೀರಿ ಸಾರ್?" ಎಂದು ಕೇಳಿದ. ಮನೆಯವಳು ಗ್ಯಾಸ್ ಒಲೆಯ ಕಡೆ ನೋಡಿದಳು.