ಆಟ ನೋಡೋಣ, ಆಮೇಲೆ ಹೆಸರು ಹೇಳೋಣ

ಪಶ್ಚಿಮ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳಿಗೊಂದು ಬಹಿರಂಗ ಪತ್ರ

ಪ್ರೀತಿಯ ಗೆಳೆಯರೇ,

ರಾಜಾಜಿನಗರದ ಭಾಷ್ಯಂ ಸರ್ಕಲ್‌ನಿಂದ ಕೆಂಗೇರಿ ಉಪನಗರದವರೆಗೆ, ಬಸವೇಶ್ವರನಗರದ ಹಾವನೂರು ಸರ್ಕಲ್‌ನಿಂದ ವಿಜಯನಗರದ ಮಾರುತಿ ಮಂದಿರದವರೆಗೆ, ಸಂಜೆ ಹೊತ್ತು ಟೀ ಅಂಗಡಿಯ ಮುಂದೆ ನಿಂತು, ನಮ್ಮ ಬೆಂಗಳೂರು ಎಫ್‌ಸಿ ಬಗ್ಗೆ ‘ಬಿಎಫ್‌ಸಿ ಈ ಸಲ ಯಾವ ಹುಡುಗನನ್ನ ತರುತ್ತೆ’ ಎಂದು ಲೆಕ್ಕ ಹಾಕುವ ನಿಮಗೆಲ್ಲ ಈ ಪತ್ರ. ಕೋಲ್ಕತ್ತದಲ್ಲಿ ಯಾರ ಕರಾರು ಮುಗಿಯುತ್ತಿದೆ, ಗೋವಾದ ಯಾವ ಸ್ಟ್ರೈಕರ್‌ಗೆ ಬೇಡಿಕೆ ಇದೆ, ಮಿಜೋರಾಮಿನ ಯಾವ ವಿಂಗರ್ ಮೇಲೆ ಯಾವ ಕ್ಲಬ್ಬಿನ ಕಣ್ಣಿದೆ, ಎಲ್ಲವೂ ನಿಮಗೆ ಬಾಯಿಪಾಠ. ಆ ಹುಚ್ಚು ನನಗೂ ಇದೆ. ಅದನ್ನು ಬಿಡಿ ಎಂದು ಬುದ್ಧಿ ಹೇಳಲು ನಾನು ಬರೆಯುತ್ತಿಲ್ಲ. ಊಹೆ ಮಾಡುವುದು ಅಭಿಮಾನಿಯ ಹಕ್ಕು. ನನ್ನ ಕೋರಿಕೆ ಒಂದೇ: ಒಬ್ಬ ಹುಡುಗನ ಹೆಸರು ಹೇಳುವ ಮೊದಲು ಅವನ ಆಟ ನೋಡೋಣ.

ಕ್ಲಬ್ಬುಗಳೂ ಹೀಗೆ ಅಂದಾಜಿನ ಮೇಲೆಯೇ ಆಟಗಾರರನ್ನು ಆರಿಸುವ ಡ್ರಾಫ್ಟ್ ನಮಗೆ ಹೊಸದೇನಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದ 2014ರಲ್ಲಿ ಕ್ಲಬ್ಬುಗಳು ದೇಶದ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಂಡಿದ್ದವು. ಅಲ್ಲಿ ಬೆಂಗಳೂರಿನ ತಂಡ ಇರಲಿಲ್ಲ. 2013ರಲ್ಲಿ ಹುಟ್ಟಿದ ಬಿಎಫ್‌ಸಿ ಆಗ ಐ-ಲೀಗ್‌ನಲ್ಲಿತ್ತು, ಕಾಲಿಟ್ಟ ಮೊದಲ ವರ್ಷವೇ ಗೆದ್ದಿತ್ತು. ಐಎಸ್‌ಎಲ್ ಡ್ರಾಫ್ಟಿನಲ್ಲಿ ನಮ್ಮ ಸರದಿ ಬಂದದ್ದು 2017ರ ಜುಲೈ 23ರಂದು, ಮುಂಬೈಯಲ್ಲಿ. ಸುನಿಲ್ ಛೆಟ್ರಿ ಮತ್ತು ಉದಾಂತ ಸಿಂಗ್ ಅವರನ್ನು ಉಳಿಸಿಕೊಂಡ ಬಿಎಫ್‌ಸಿ, ಮಿಕ್ಕವರನ್ನು ಆರಿಸಲು ಕೂತಿತು. ಆ ದಿನ ದೊಡ್ಡ ಸುದ್ದಿಯಾದವರು ಇಬ್ಬರು. ಮೊದಲ ಆಯ್ಕೆಯಾಗಿ ಜಮ್ಷೆಡ್‌ಪುರಕ್ಕೆ ಹೋದ ಅನಸ್ ಎಡತೊಡಿಕ, ಮತ್ತು ಅಲ್ಲಿಯವರೆಗೆ ನಮ್ಮವರೇ ಆಗಿದ್ದು ಕೋಲ್ಕತ್ತದ ಎಟಿಕೆ ಪಾಲಾದ ಯೂಜಿನ್‌ಸನ್ ಲಿಂಗ್ಡೊ. ಇಬ್ಬರ ಬೆಲೆಯೂ ತಲಾ 1.10 ಕೋಟಿ ರೂಪಾಯಿ. ಬೆಂಗಳೂರಿಗೆ ಬಂದವರ ಪಟ್ಟಿಯಲ್ಲಿ ರಾಹುಲ್ ಭೇಕೆ ಎಂಬ ಡಿಫೆಂಡರ್ ಇದ್ದರು. ಅವರ ಬಗ್ಗೆ ಅಷ್ಟು ಗದ್ದಲವೇನೂ ಆಗಲಿಲ್ಲ. 2019ರ ಮಾರ್ಚ್ 17ರಂದು ಅದೇ ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. 117ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು ಬೆಂಗಳೂರಿಗೆ ಐಎಸ್‌ಎಲ್ ಪ್ರಶಸ್ತಿ ತಂದುಕೊಟ್ಟವರು ಇದೇ ಭೇಕೆ.

2017ರ ನಂತರ ನಮ್ಮ ಫುಟ್‌ಬಾಲ್‌ನಲ್ಲಿ ಡ್ರಾಫ್ಟ್ ನಿಂತಿತು. ಈಗ ಕ್ಲಬ್ಬುಗಳು ನೇರವಾಗಿ ಆಟಗಾರರೊಂದಿಗೆ ಕರಾರು ಮಾಡಿಕೊಳ್ಳುತ್ತವೆ. ಡ್ರಾಫ್ಟ್ ಹೋದರೂ ನಮ್ಮ ಅಂದಾಜಿನ ಆಟ ಮಾತ್ರ ವರ್ಷವಿಡೀ ನಡೆದೇ ಇದೆ.

ಕ್ರಿಕೆಟ್ ಪ್ರಿಯರು ನೆನಪಿಡಬೇಕಾದ ಇನ್ನೊಂದು ಡ್ರಾಫ್ಟ್ ಇದೆ. 2008ರ ಮಾರ್ಚ್‌ನಲ್ಲಿ, ಮೊದಲ ಐಪಿಎಲ್‌ಗೆ ಮುಂಚೆ, ಹತ್ತೊಂಬತ್ತರೊಳಗಿನ ವಿಶ್ವಕಪ್ ಗೆದ್ದು ಬಂದ ಹುಡುಗರನ್ನು ಹರಾಜಿಗೆ ಹಾಕದೆ ಡ್ರಾಫ್ಟ್ ಮೂಲಕ ಹಂಚಿದರು. ದೆಹಲಿ ತಂಡ ತನ್ನೂರಿನ ನಾಯಕನನ್ನು ಬಿಟ್ಟು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ಅವರು ಬಿಟ್ಟ ಆ ನಾಯಕ ವಿರಾಟ್ ಕೊಹ್ಲಿ ಬೆಂಗಳೂರಿಗೆ ಬಂದರು. ಅದೇ ವಿಶ್ವಕಪ್ ತಂಡದಲ್ಲಿದ್ದ ನಮ್ಮ ಮನೀಶ್ ಪಾಂಡೆ ಮುಂಬೈ ಪಾಲಾದರು. ಮರುವರ್ಷ ಬೆಂಗಳೂರಿಗೆ ಬಂದು, ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಎನಿಸಿಕೊಂಡರು. ದೆಹಲಿಯವರ ಲೆಕ್ಕ ಅವತ್ತಿಗೆ ಸರಿಯಾಗಿಯೇ ಇತ್ತು, ಅವರಿಗೆ ಬೌಲರ್ ಬೇಕಿತ್ತು. ಹತ್ತೊಂಬತ್ತರ ಹುಡುಗ ಮುಂದೆ ಏನಾಗುತ್ತಾನೆ ಎಂಬುದು ಮಾತ್ರ ಯಾರ ಲೆಕ್ಕಕ್ಕೂ ಸಿಗುವಂಥದ್ದಾಗಿರಲಿಲ್ಲ.

ಈ ವಿಷಯದಲ್ಲಿ ಪಳಗಿದ ಅಮೆರಿಕದ ಕಥೆಯೂ ಬೇರೆಯಲ್ಲ. ಅವರ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ 1936ರಿಂದ ನಡೆಯುತ್ತಿದೆ. ಹಿಂದಿನ ಋತುವಿನಲ್ಲಿ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ, ಎಲ್ಲ ತಂಡಗಳೂ ಸರಿಸಮವಾಗಲಿ ಎಂಬ ಉದ್ದೇಶ. ಆ ಮೊದಲ ವರ್ಷದ ಮೊದಲ ಆಯ್ಕೆ ಜೇ ಬರ್‌ವ್ಯಾಂಗರ್ ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2000ನೇ ಇಸವಿಯಲ್ಲಿ ಟಾಮ್ ಬ್ರಾಡಿ ಎಂಬ ಹುಡುಗನನ್ನು ಆರಿಸಿದ್ದು 199ನೆಯವನಾಗಿ. ಅವರು ಮುಂದೆ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲನ್ನು ಏಳು ಬಾರಿ ಗೆದ್ದರು. ದುಡ್ಡು, ವರದಿ, ವಿಡಿಯೊ, ಓಟದ ಗಡಿಯಾರ, ಎಲ್ಲ ಇಟ್ಟುಕೊಂಡು ಕೂತವರ ಪಾಡೇ ಇದು.

ಹೀಗೆ ಲೆಕ್ಕ ತಪ್ಪುವುದಕ್ಕೆ ಕಾರಣವೂ ಇದೆ. ಹದಿನೈದು, ಹದಿನಾರರ ವಯಸ್ಸಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಹೆಚ್ಚಾಗಿ ಎತ್ತರ, ಬಲ, ವೇಗ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಯೋಮಿತಿಯ ತಂಡಕ್ಕೆ ಸ್ಪರ್ಧಿಸುತ್ತಾರೆ. ಆ ವಯಸ್ಸಿನಲ್ಲಿ ಹತ್ತು ಹನ್ನೊಂದು ತಿಂಗಳೆಂದರೆ ಸಣ್ಣ ಅಂತರವಲ್ಲ. ದೊಡ್ಡವನಾಗಿ ಕಾಣುವವನಿಗೆ ಅವಕಾಶ, ಅವಕಾಶ ಸಿಕ್ಕವನಿಗೆ ಒಳ್ಳೆಯ ಕೋಚ್, ಒಳ್ಳೆಯ ಕೋಚ್ ಸಿಕ್ಕವನಿಗೆ ಮತ್ತೆ ಅವಕಾಶ. ಹಲವು ದೇಶಗಳಲ್ಲಿ ಹಲವು ಆಟಗಳಲ್ಲಿ ಈ ಪಕ್ಷಪಾತ ಕಂಡುಬಂದಿದೆ. ನಮ್ಮಲ್ಲಿ ಇದರ ಮೇಲೆ ವಯಸ್ಸು ಮುಚ್ಚಿಡುವ ರೋಗ ಬೇರೆ. ಹಾಗಾಗಿಯೇ ರಾಷ್ಟ್ರೀಯ ಫೆಡರೇಶನ್ ಹುಡುಗರ ಕೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತದೆ. ತಡವಾಗಿ ಬೆಳೆಯುವ, ಆದರೆ ಆಟ ಬಲ್ಲ ಹುಡುಗನನ್ನು ಗುರುತಿಸಲು ಒಂದೇ ದಾರಿ: ಅವನನ್ನು ಮತ್ತೆ ಮತ್ತೆ ನೋಡಬೇಕು. ಒಂದು ನಿಮಿಷದ ತುಣುಕಿನಲ್ಲಿ ಗೋಲು ಕಾಣುತ್ತದೆ, ಹುಡುಗ ಕಾಣುವುದಿಲ್ಲ.

ಹೀಗೆ ಮತ್ತೆ ಮತ್ತೆ ನೋಡುವವರು ಈ ಊರಿನಲ್ಲಿ ಹಿಂದೆ ಇದ್ದರು. ದಂಡು ಪ್ರದೇಶದ ಮೈದಾನಗಳಲ್ಲಿ, ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದ ಓಣಿಗಳಲ್ಲಿ ಯಾವ ಹುಡುಗ ಹೇಗೆ ಆಡುತ್ತಾನೆ ಎಂದು ಇಡೀ ಬೀದಿಗೇ ಗೊತ್ತಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಇಲ್ಲಿಂದ ಹೋದವರು. ಅಂದು ಮೈಸೂರು ಎನಿಸಿದ್ದ ನಮ್ಮ ರಾಜ್ಯ, ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತು. ಕೊನೆಯದು 1968-69ರಲ್ಲಿ. ಅಲ್ಲಿಂದ ಮುಂದೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಮತ್ತೆ ಆ ಟ್ರೋಫಿ ಎತ್ತಿತು. ಅಂದು ಗೆದ್ದ ತಂಡದಲ್ಲಿ ಎಷ್ಟು ಹುಡುಗರ ಹೆಸರು ನಮಗೆ ಗೊತ್ತಿತ್ತು? ಹಾಗೆ ನೋಡಿದರೆ, ಈಗ ಎಷ್ಟು ಗೊತ್ತಿದೆ?

ಅವರಂಥ ಹುಡುಗರು ವರ್ಷ ವರ್ಷವೂ ಆಡುವ ಜಾಗ ನಮಗೆ ದೂರವೇನಲ್ಲ. ಕೆಂಗೇರಿಯಲ್ಲೋ ಅತ್ತಿಗುಪ್ಪೆಯಲ್ಲೋ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಎಂ.ಜಿ. ರಸ್ತೆ. ರಾಜಾಜಿನಗರದವರು ಮೆಜೆಸ್ಟಿಕ್‌ನಲ್ಲಿ ಒಂದು ಸಲ ಬದಲಿಸಿದರಾಯಿತು. ಎಂ.ಜಿ. ರಸ್ತೆಯಿಂದ ನಡೆದುಹೋಗುವಷ್ಟು ದೂರದಲ್ಲಿ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಕಂಠೀರವ ಕ್ರೀಡಾಂಗಣಕ್ಕೆ ಹೋಗುವ ಮೊದಲು ಬಿಎಫ್‌ಸಿ ಆಡಿದ ಅಂಗಳ ಅದು. ನಗರದ ಸೂಪರ್ ಡಿವಿಷನ್ ಲೀಗ್ ಅಲ್ಲಿ ನಡೆಯುತ್ತದೆ. 2021-22ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಎನಿಸಿದ ರೋಷನ್ ಸಿಂಗ್, ಮರುವರ್ಷ ಅದೇ ಪ್ರಶಸ್ತಿ ಪಡೆದ ಶಿವಶಕ್ತಿ ನಾರಾಯಣನ್, ಇಬ್ಬರೂ ಬಿಎಫ್‌ಸಿಯ ಎರಡನೇ ತಂಡದ ಪರವಾಗಿ ಸೂಪರ್ ಡಿವಿಷನ್‌ನಲ್ಲಿ ಆಡಿ ಬೆಳೆದವರು. ಟಿವಿಯಲ್ಲಿ ಅವರನ್ನು ಕಂಡು ನಾವು ‘ಎಲ್ಲಿಂದ ಬಂದ ಈ ಹುಡುಗ’ ಎಂದು ಬೆರಗಾಗುವ ಹೊತ್ತಿಗೆ, ಅಶೋಕನಗರದ ಮೆಟ್ಟಿಲ ಮೇಲೆ ಕೂತವರು ಅವರನ್ನು ಕಂಡು ಬಹಳ ದಿನವಾಗಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್ ಕೂಡ ಕ್ಲಬ್ಬಿನ ಯುವ ತಂಡದಿಂದಲೇ ಬಂದ ಹುಡುಗ.

ಅಲ್ಲಿ ಹೋಗಿ ಕೂತರೆ ಏನು ನೋಡಬೇಕು? ಚೆಂಡನ್ನು ಬಿಟ್ಟು ಒಬ್ಬನೇ ಹುಡುಗನ ಮೇಲೆ ಕಣ್ಣಿಡಿ, ಹತ್ತು ನಿಮಿಷ. ಪಾಸ್ ತನ್ನ ಕಾಲಿಗೆ ಬರುವ ಮುಂಚೆ ಅವನು ಕತ್ತು ತಿರುಗಿಸಿ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾನೋ ಇಲ್ಲವೋ. ಎಡಗಾಲಿಗೆ ಬಂದ ಚೆಂಡನ್ನು ಎಡಗಾಲಲ್ಲೇ ಆಡುತ್ತಾನೋ, ಬಲಕ್ಕೆ ಎಳೆದುಕೊಂಡು ಒಂದು ಕ್ಷಣ ಕಳೆಯುತ್ತಾನೋ. ಚೆಂಡು ಕಳೆದುಕೊಂಡ ಮೇಲೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾನೋ, ಅದನ್ನು ಕಸಿಯಲು ಓಡುತ್ತಾನೋ. ಎಪ್ಪತ್ತನೇ ನಿಮಿಷದಲ್ಲಿ ಉಸಿರು ಸಿಕ್ಕಿಕೊಂಡಾಗ, ಬೆಂಚಿನಿಂದ ಕೋಚ್ ಬೈದಾಗ, ಜೊತೆಗಾರ ತಪ್ಪು ಮಾಡಿದಾಗ ಅವನ ಮುಖ ಹೇಗಿರುತ್ತದೆ. ಖಾಲಿ ಸ್ಟೇಡಿಯಂನಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೂಗಿ ಕರೆಯುವುದೂ ಕೇಳುತ್ತದೆ. ಯಾರು ಬರೀ ‘ಕೊಡೋ, ನಂಗೆ ಕೊಡೋ’ ಅನ್ನುತ್ತಾನೆ, ಯಾರು ‘ಹಿಂದೆ ಬಂದ, ಹುಷಾರು’ ಎಂದು ಎಚ್ಚರಿಸುತ್ತಾನೆ. ಈ ಎರಡನೆಯವನ ಹೆಸರು ಬರೆದಿಟ್ಟುಕೊಳ್ಳಿ. ನಿಮ್ಮ ಊಹೆಗೆ ಆಗ ತೂಕ ಬರುತ್ತದೆ.

ಇನ್ನು ನಮ್ಮ ಪಶ್ಚಿಮದ ಮಾತು. ಫುಟ್‌ಬಾಲ್ ಬೇರೂರಿದ್ದು ಪೂರ್ವದಲ್ಲಿ, ದಂಡಿನ ಕಡೆ. ನಮ್ಮ ಬಡಾವಣೆಗಳಲ್ಲಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಇದ್ದವು. ಈಗ ಚಿತ್ರ ಬದಲಾಗಿದೆ. ನಾಗರಬಾವಿ, ವಿಜಯನಗರ, ಬಸವೇಶ್ವರನಗರದ ಟರ್ಫ್‌ಗಳಲ್ಲಿ ರಾತ್ರಿ ದೀಪ ಹಾಕಿಕೊಂಡು ಆಡುವ ಹುಡುಗರ ಗದ್ದಲ. ಆದರೆ ಟರ್ಫ್ ಗಂಟೆಯ ಬಾಡಿಗೆಗೆ ಸಿಗುವ ಜಾಗ. ಬಾಡಿಗೆ ಹಂಚಿಕೊಳ್ಳಲು ಆಗದವನು ಹೊರಗಿನ ಬಲೆ ಹಿಡಿದು ನೋಡುತ್ತ ನಿಲ್ಲುತ್ತಾನೆ. ಅಲ್ಲದೆ ಐದೈದು ಜನ ಆಡುವ ಆ ಪುಟ್ಟ ಅಂಗಳದಲ್ಲಿ ಕಾಲಿನ ಚಳಕ ಬರುತ್ತದೆ, ಹನ್ನೊಂದು ಜನರ ಆಟದ ಓಟ, ಅಗಲ, ಜಾಗದ ಅರಿವು ಬರುವುದಿಲ್ಲ. ಮುಂದಿನ ದೊಡ್ಡ ಆಟಗಾರ ಯಾವ ರಾಜ್ಯದಿಂದ ಬರುತ್ತಾನೆ ಎಂದು ಊಹಿಸುವ ನಾವು, ನಮ್ಮ ವಾರ್ಡಿನಿಂದ ಯಾಕೆ ಬರುತ್ತಿಲ್ಲ ಎಂದು ಕೇಳುವುದೇ ಇಲ್ಲ. ಪಾಲಿಕೆಯ ಮೈದಾನವೊಂದರಲ್ಲಿ ವಾರಕ್ಕೆರಡು ಸಂಜೆ ಎರಡು ಗೋಲ್‌ಪೋಸ್ಟ್ ನೆಟ್ಟು, ಒಬ್ಬ ತರಬೇತಿ ಪಡೆದ ಕೋಚ್ ನಿಂತರೆ ಸಾಕು, ಹುಡುಗರು ತಾವಾಗಿ ಬರುತ್ತಾರೆ. ನಮ್ಮ ಶಾಸಕರಿಗೆ, ಪಾಲಿಕೆಗೆ, ಬಡಾವಣೆಯ ಸಂಘಕ್ಕೆ ಈ ಬೇಡಿಕೆ ಇಡುವವರು ನಾವಲ್ಲದೆ ಇನ್ನಾರು?

ಇನ್ನೊಂದು ಮಾತನ್ನು ನೋವಿನಿಂದಲೇ ಹೇಳುತ್ತೇನೆ. ಎರಡು ಗೋಲು ಹೊಡೆದ ಪ್ರತಿ ಹುಡುಗನಿಗೂ ನಾವು ‘ಮುಂದಿನ ಛೆಟ್ರಿ’ ಎಂಬ ಪಟ್ಟ ಕಟ್ಟುತ್ತೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್ ಸೇರಿದ ಹುಡುಗ. ನಮ್ಮ ನೀಲಿ ಜರ್ಸಿ ತೊಟ್ಟದ್ದು ಹನ್ನೊಂದು ವರ್ಷದ ನಂತರ. ಆ ನಡುವಿನ ವರ್ಷಗಳನ್ನು ನಾವು ಯಾವ ಹೊಸ ಹುಡುಗನಿಗೂ ಕೊಡುವುದಿಲ್ಲ. ಮೂರು ಪಂದ್ಯ ಮಂಕಾದರೆ ಅದೇ ಬಾಯಲ್ಲಿ ‘ದಂಡ’ ಎನ್ನುತ್ತೇವೆ. ಆ ಮಾತು ಅವನ ತಾಯಿಯ ಫೋನಿಗೂ ಹೋಗುತ್ತದೆ. ಹದಿನೆಂಟು ತುಂಬದ ಮಕ್ಕಳನ್ನು ಹೆಸರು ಹಿಡಿದು ಬೈಯುವುದನ್ನು ನಾವು ಇಂದೇ ನಿಲ್ಲಿಸಬೇಕು. ಪಕ್ಕದಲ್ಲಿ ನಿಂತವನು ಬೈದರೆ ತಡೆಯಬೇಕು.

ಈ ಹುಡುಗರು ತಲುಪಲು ಹಂಬಲಿಸುವ ಮೇಲಿನ ಮಹಡಿಯಾದ ದೊಡ್ಡ ಲೀಗೇ ಎಷ್ಟು ಅಲುಗಾಡುತ್ತದೆ ಎಂಬುದನ್ನು 2025ರಲ್ಲಿ ಕಣ್ಣಾರೆ ಕಂಡೆವು. ಲೀಗ್ ಸಂಘಟಕರು ಮತ್ತು ಫೆಡರೇಶನ್ ನಡುವಿನ ಒಪ್ಪಂದ ಇತ್ಯರ್ಥವಾಗದೆ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬಿಎಫ್‌ಸಿ ತನ್ನ ಮೊದಲ ತಂಡದ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಅದೇ ಪ್ರಕಟಣೆಯಲ್ಲಿ ಯುವ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆ ಎಂದಿನಂತೆ ನಡೆಯುತ್ತವೆ ಎಂದು ಹೇಳಿತ್ತು. ದೇಶದ ದೊಡ್ಡ ಲೀಗ್ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದ ದಿನಗಳಲ್ಲೂ ಹುಡುಗರು ಬೂಟು ಕಟ್ಟಿಕೊಂಡು ಬೆಳಿಗ್ಗೆ ಮೈದಾನಕ್ಕೆ ಹೋದರು. ನಮ್ಮ ಅಭಿಮಾನವೂ ಅಷ್ಟೇ ಗಟ್ಟಿಯಾಗಿ ಅವರ ಜೊತೆ ನಿಲ್ಲಬೇಕು.

ಆದ್ದರಿಂದ ಗೆಳೆಯರೇ, ಮುಂದಿನ ಋತುವಿನ ಸೂಪರ್ ಡಿವಿಷನ್ ವೇಳಾಪಟ್ಟಿ ಬಂದಾಗ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳೋಣ. ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಟೀ ಅಂಗಡಿಯ ಚರ್ಚೆಗೆ ಇವತ್ತಿನಿಂದ ಒಂದೇ ನಿಯಮ ಇಟ್ಟುಕೊಳ್ಳೋಣ: ಯಾರಾದರೂ ಒಬ್ಬ ಹುಡುಗನ ಹೆಸರು ಎತ್ತಿದರೆ, ಅವನ ಆಟವನ್ನು ಎಲ್ಲಿ, ಯಾವಾಗ ನೋಡಿದೆ ಎಂದೂ ಹೇಳಬೇಕು. ಹೇಳಲು ಬಂದರೆ ಅವರ ಮಾತಿಗೆ ಕಿವಿಗೊಡೋಣ. ಬರದಿದ್ದರೆ ಮುಂದಿನ ಪಂದ್ಯಕ್ಕೆ ಅವರನ್ನೇ ಮೊದಲು ಕರೆದುಕೊಂಡು ಹೋಗೋಣ.

ಇಂತಿ ನಿಮ್ಮವನೇ,
ವಿಜಯನಗರದ ಒಬ್ಬ ಫುಟ್‌ಬಾಲ್ ಅಭಿಮಾನಿ