ಮಂತ್ರಗಾರನಿಗೆ ಮೂಗುದಾರ

ಕತ್ತಿ ಹಿಡಿದವ ಹೆಚ್ಚೋ, ಮಂತ್ರ ಹಾಕುವವ ಹೆಚ್ಚೋ ಎಂಬ ಜಗಳ ಅಮೆರಿಕದಲ್ಲಿ 1974ರಿಂದ ನಡೆದಿದೆ. ಆ ವರ್ಷ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದರು. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಬೆಳೆಸುವ ಆಟ. ಐವತ್ತು ವರ್ಷವಾದರೂ ತಕರಾರು ಹರಿದಿಲ್ಲ. ನಮ್ಮೂರು ಪಾಳಾದ ಕಟ್ಟೆಗೆ ತಂದಿದ್ದರೆ ಎರಡು ಚಹಾದೊಳಗೆ ಮುಗಿಸಿ ಕಳಿಸುತ್ತಿದ್ದೆವು.

ತಕರಾರು ತಂದವನು ಹುಬ್ಬಳ್ಳಿಯಲ್ಲಿ ಓದುವ ನನ್ನ ಅಳಿಯ. "ಮಾಮಾ, ಹಳೇ ನಿಯಮದಾಗ ಮೊದಲಿಗೆ ಮಂತ್ರಗಾರನ ಹತ್ರ ದಿನಕ್ಕ ಒಂದ ಮಂತ್ರ. ಬೆಕ್ಕು ಪರಚಿದ್ರೂ ಸಾಯ್ತಾನ. ಮುಂದ ಹೋದಂಗ ಹಾರ್ತಾನ, ಮಾಯ ಆಗ್ತಾನ, ಬೆಂಕಿ ಸುರಸ್ತಾನ. ನನ್ನ ಕತ್ತಿಯವ ಮಾತ್ರ ಅವತ್ತು ಹೊಡದಂಗ ಇವತ್ತೂ ಹೊಡೀತಾನ."

ಆಟದ 2008ರ ನಾಲ್ಕನೇ ಆವೃತ್ತಿಯಲ್ಲಿ ಕತ್ತಿಯವನಿಗೂ ಮಂತ್ರದಂಥದೇ ಪಟ್ಟುಗಳನ್ನು ಹಂಚಿದರು. ಆಗ ಎಲ್ಲರೂ ಒಂದೇ ಥರ ಆದರು ಅಂತ ಮತ್ತೆ ಗೋಳು. ಅಲ್ಲಪ್ಪಾ, ಬಡವನಿಗೆ ವರ ಕೊಡುವುದು ಯಾಕೆ? ವರ ಇದ್ದವನಿಗೆ ಷರತ್ತು ಹಾಕಿ!

ನಮ್ಮ ಪುರಾಣಕಥೆಗಳನ್ನೇ ನೋಡಿ. ಇಂದ್ರಜಿತು ಮರೆಯಲ್ಲಿ ನಿಂತು ಬಾಣ ಬಿಡುವ ಮಾಯಾವಿ, ಆದರೆ ನಿಕುಂಭಿಲೆಯ ಹೋಮ ಪೂರ್ತಿಯಾಗಬೇಕು. ಅರ್ಧಕ್ಕೇ ಕೆಡಿಸಿದರು, ಲಕ್ಷ್ಮಣನಿಗೆ ಸಿಕ್ಕಿಬಿದ್ದ. ಕರ್ಣನ ಲೆಕ್ಕ ಇನ್ನೂ ಬಿಗಿ. ಕವಚ-ಕುಂಡಲ ಕೊಟ್ಟು ಇಂದ್ರನಿಂದ ಶಕ್ತ್ಯಾಯುಧ ಪಡೆದ, ಅದೂ ಒಂದೇ ಸಲಕ್ಕೆ. ಅರ್ಜುನನಿಗೆಂದು ಜೋಪಾನವಾಗಿ ಇಟ್ಟುಕೊಂಡವನ ಮೇಲೆ ಹದಿನಾಲ್ಕನೇ ದಿನದ ರಾತ್ರಿ ಘಟೋತ್ಕಚ ಎರಗಿದ. ಕತ್ತಲಾದರೆ ರಾಕ್ಷಸರ ಬಲ ಹೆಚ್ಚು. ಕೌರವರ ದಂಡೆಲ್ಲ ಬೊಬ್ಬೆಯಿಟ್ಟಿತು, ಕರ್ಣ ಶಕ್ತಿ ಎಸೆಯಲೇಬೇಕಾಯಿತು. ಪಾಂಡವರು ಅಳುತ್ತಿದ್ದರೆ ಕೃಷ್ಣ ರಥದ ಮೇಲೆ ಕುಣಿದ. ಆಟದ ಲೆಕ್ಕ ಬಲ್ಲವನು ಅಲ್ಲಿ ಅವನೊಬ್ಬನೇ.

ಆ ಕೃಷ್ಣನನ್ನೂ ಸುಮ್ಮನೆ ಬಿಟ್ಟಿಲ್ಲ ನೋಡಿ. ಯುದ್ಧದಲ್ಲಿ ಆಯುಧ ಹಿಡಿಯಬಾರದೆಂಬ ಪ್ರತಿಜ್ಞೆ! ಅದರ ಪೇಚು ನೋಡಬೇಕಾದರೆ ನಮ್ಮ ಕಡೆಯ ಆಟಗಳಿಗೆ ಬನ್ನಿ. ಪಾಳಾದಿಂದ ಹಾನಗಲ್ ಕಡೆ ಹೋದರೆ ದೊಡ್ಡಾಟ, ಯಲ್ಲಾಪುರ-ಶಿರಸಿ ಕಡೆ ಹೋದರೆ ತಾಳಮದ್ದಳೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಬಿಳಿ ಪಂಚೆ, ಶಾಲು, ಎದುರಿಗೆ ಮೈಕು. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಅಲ್ಲೇ ಮಾತು ಹುಟ್ಟಿಸಬೇಕು. ಚಕ್ರ ಎತ್ತಿದ ಕೃಷ್ಣನೆದುರು ಭೀಷ್ಮ ಬಿಲ್ಲು ಕೆಳಗಿಟ್ಟು, "ಬಾ ಸ್ವಾಮಿ, ಪ್ರತಿಜ್ಞೆ ಮುರಿಸಿದೆನಲ್ಲ" ಎಂಬ ಧಾಟಿಯಲ್ಲಿ ಶುರು ಹಚ್ಚಿಕೊಂಡನೆಂದರೆ ಚಕ್ರಕ್ಕೆ ಏನು ಕೆಲಸ? ಭೀಷ್ಮನ ಅರ್ಥ ಗಟ್ಟಿಯಿದ್ದ ರಾತ್ರಿ ಕೃಷ್ಣನ ಪಾತ್ರಧಾರಿ ನೀರು ಕುಡಿಯುವುದನ್ನು ಜನ ಕಣ್ಣಾರೆ ಕಂಡಿದ್ದಾರೆ.

ಇಷ್ಟನ್ನೂ ಅಳಿಯನಿಗೆ ಹೇಳಿ, "ನಿಮ್ಮ ಮಂತ್ರಗಾರಗೂ ಒಂದು ಶಾಪ ಹಚ್ಚಲೇ" ಎಂದೆ.

"ಹೆಂಗ ಹಚ್ಚೂದು ಮಾಮಾ? ಆಟ ನಡಿಯೂದ ಮಂತ್ರಗಾರ ಆದವನ ರೂಮಿನಾಗ, ದಾಳ ಅವನವು. ಎಗ್‌ರೈಸ್ ರೊಕ್ಕಾನೂ ಅವನ ಕೊಡ್ತಾನ."