ಜಲಾಂತರ್ಗತ ದೂರಚಾಲಿತ ವಾಹನದ ಚಾಲಕನ ಮೇಲೆ ಡಬ್ಬಿಯ ಪರಿಣಾಮ: ಜತ್ತ ತಾಲೂಕಿನ ಆಧಾರದಿಂದ ಒಂದು ಮೀಮಾಂಸೆ

ಪೂರ್ವಪಕ್ಷದವರು ಮೊದಲೇ ಎದ್ದು ನಿಲ್ಲುತ್ತಾರೆ: ಸಾಂಗಲಿ ಜಿಲ್ಲೆಯ ಜತ್ತಕ್ಕೆ ಸಮುದ್ರವಿಲ್ಲ, ಕೃಷ್ಣೆಯೂ ಮಿರಜ, ಅಥಣಿಗಳ ಕಡೆಯೇ ಹಾದುಹೋಗುತ್ತಾಳೆ; ಅಲ್ಲಿ ನೀರೊಳಗಿನ ವಾಹನ ಎಲ್ಲಿಂದ ಬಂತು? ಸಮಾಧಾನ ಸುಲಭ. ಕಣ್ಣಿಗೆ ಕಾಣದ ಆಳ, ಇಳಿಬಿಟ್ಟ ಕೇಬಲ್, ಮೇಲೆ ನಿಂತು ಗುಂಡಿ ಒತ್ತುವ ಮನುಷ್ಯ: ಮೂರೂ ಲಕ್ಷಣಗಳು ಉಮದಿ, ಸಂಖ, ಮಾಡಗ್ಯಾಳಗಳ ಬೋರುಗಳಲ್ಲಿ ಕೂಡಿಬರುತ್ತವೆ. ಸಬ್‌ಮರ್ಸಿಬಲ್ ಮೋಟರು ಚಲಿಸುವುದಿಲ್ಲ, ಆದ್ದರಿಂದ ವಾಹನವಲ್ಲ ಎಂಬ ಆಕ್ಷೇಪವೂ ನಿಲ್ಲದು. ಹಗ್ಗ ಹರಿದ ದಿನ ಅದು ಎಷ್ಟು ವೇಗವಾಗಿ ಚಲಿಸುತ್ತದೆಂದು ಬಲ್ಲವರೇ ಬಲ್ಲರು.

ಇನ್ನು ಪರದೇಶದ ಪ್ರಮಾಣ. 1966ರಲ್ಲಿ ಸ್ಪೇನಿನ ಪಾಲೊಮಾರೆಸ್ ಬಳಿ ಕಡಲಿಗೆ ಬಿದ್ದ ಅಮೆರಿಕದ ಹೈಡ್ರೋಜನ್ ಬಾಂಬನ್ನು ಎತ್ತಲು ಕರ್ವ್ ಎಂಬ ವಾಹನ ಸುಮಾರು 2,800 ಅಡಿ ಇಳಿಯಿತು. ಅದು ಬಾಂಬಿನ ಪ್ಯಾರಾಚೂಟಿಗೆ ತಾನೇ ಸಿಕ್ಕಿಕೊಂಡಿತು; ಕೊನೆಗೆ ಎರಡನ್ನೂ ಒಟ್ಟಿಗೆ ಎಳೆದರು. ಬೋರಿನ ಮೋಟರು ಎತ್ತುವವರಿಗೆ ಇದರಲ್ಲಿ ಹೊಸತೇನಿಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ ಎಂಬ ಇಂಥದೇ ವಾಹನ 2010ರಲ್ಲಿ 5,289 ಮೀಟರ್ ಮುಟ್ಟಿತು. ಇಂಥ ವಾಹನಗಳ ಚಾಲಕರಿಗೆ ಕ್ಯಾಮೆರಾ ಇದೆ, ಸೋನಾರ್ ಇದೆ. ಆದರೂ ನೋಟ ಕಿರಿದು, ಪರದೆ ತುಂಬ ಅಂಕಿ, ಯಾವುದನ್ನು ನೋಡುವುದು ಎಂದು ವಿದ್ವಾಂಸರು ಗೋಳಾಡುತ್ತಾರೆ.

ಜತ್ತದವನಿಗೆ ಆ ಗೋಳಿಲ್ಲ. ಸ್ಟಾರ್ಟರಿನ ಡಬ್ಬಿಯ ಮೇಲೆ ಹಸಿರು ಗುಂಡಿ, ಕೆಂಪು ಗುಂಡಿ, ಆಂಪಿಯರ್ ಮೀಟರಿನ ಮುಳ್ಳು, ಮುಗಿಯಿತು. ಮುಳ್ಳು ಇಳಿದರೆ ನೀರು ತಳ ಕಂಡಿದೆ, ಮೋಟರು ಒಣಗಿ ಓಡುತ್ತಿದೆ. ಏರಿದರೆ ವೋಲ್ಟೇಜು ಬಿದ್ದಿದೆ, ಇಲ್ಲವೇ ಕೆಳಗೆ ಏನೋ ಹಿಡಿದಿದೆ. ವೋಲ್ಟೇಜು ತೀರ ಬಿದ್ದರೆ ಸ್ಟಾರ್ಟರೇ ಕಟಕಟ ಹಲ್ಲು ಕಡಿಯುತ್ತದೆ. ಮೀಟರಿನ ಗಾಜು ಧೂಳು ಹಿಡಿದು ಮಸುಕಾಗಿರುತ್ತದೆ; ಅದರ ಮೇಲೆ, ಮುಳ್ಳು ನಿಲ್ಲಬೇಕಾದ ಜಾಗದಲ್ಲಿ, ತಂಬಾಕಿಗೆ ಸುಣ್ಣ ಹಚ್ಚಿದ ಬೆರಳಿನ ಒಂದು ಗೀಟು. ವಿನ್ಯಾಸಕಾರನ ಅಂಕಿಗಳಿಗೆಲ್ಲ ಆ ಗೀಟೇ ಭಾಷ್ಯ. ನನ್ನ ಮಟ್ಟಿಗೆ ಈ ಶಾಸ್ತ್ರದ ಮೂಲಗ್ರಂಥವೂ ಅದೇ.

ದೂರಚಾಲನೆಯ ರಾಜ್ಯಮಟ್ಟದ ದೃಷ್ಟಾಂತವೂ ಉಂಟು. 2022ರ ಕೊನೆಗೆ, ಗಡಿವಾದ ಕಾವೇರಿದ್ದಾಗಲೇ, ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ಜತ್ತ ತಾಲೂಕಿನ ತಿಕ್ಕುಂಡಿ ಕೆರೆಗೆ ಬಂತು. ಗುಂಡಿ ಕರ್ನಾಟಕದಲ್ಲಿ, ನೀರು ಮಹಾರಾಷ್ಟ್ರದಲ್ಲಿ. ಆಗ ಮುಳ್ಳು ಏರಿದ್ದು ಮುಂಬೈಯಲ್ಲಿ.

ಈಚೆಗೆ ಡಬ್ಬಿಗೆ ಸಿಮ್ ಕಾರ್ಡು ಬಂದಿದೆ. ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಹೊಲಕ್ಕೆ ಇದು ವರವೇ, ಹಾವು ಚೇಳು ತುಳಿಯುವುದು ತಪ್ಪಿತು. ಆದರೆ ಚಾಲಕ ಪುಣೆಗೆ ಹೋಗಿ ಕೂತ, ಸುಣ್ಣದ ಗೀಟು ಇಲ್ಲೇ ಉಳಿಯಿತು. ಡಬ್ಬಿ ಮರಾಠಿಯಲ್ಲಿ ‘ಮೋಟರ್ ಚಾಲೂ’ ಎನ್ನುತ್ತದೆ, ಇವನು ಅದನ್ನು ಕನ್ನಡದಲ್ಲಿ ನಂಬುತ್ತಾನೆ. ಡಬ್ಬಿ ಬಲ್ಲದ್ದು ಕರೆಂಟನ್ನು, ನೀರನ್ನಲ್ಲ. ನಡುವೆ ಪೈಪು ಒಡೆದಿದ್ದರೂ ಅದರ ಪಾಲಿಗೆ ಎಲ್ಲ ಕ್ಷೇಮ. ಆದಕಾರಣ ಪ್ರಾಜ್ಞರು ಪೈಪಿನ ಬಾಯಿಯ ಹತ್ತಿರ ಇನ್ನೊಂದು ಉಪಕರಣವನ್ನು ನಿಲ್ಲಿಸಿರುತ್ತಾರೆ.

“ಅವ್ವಾ, ಮೋಟರ್ ಚಾಲೂ ಅದ ಅಂತ ಫೋನ್ ಹೇಳಾಕತ್ತದ.”

“ನಿನ್ನ ಫೋನಿನ್ಯಾಗ ಇದ್ದೀತು. ದಾಳಿಂಬರಿ ಗಿಡಕ್ಕ ಬಂದಿಲ್ಲ, ಬಂದ್ ಮಾಡು ಮೊದಲ.”